ಶರಾವತಿ ಹಿನ್ನೀರಿನಲ್ಲಿ ಒಂದು ದಿನ: ಸೇತುವೆ ಬಂದ ಮೇಲೂ ಲಾಂಚ್ ಹತ್ತುವುದು ಹೇಗೆ?

"ಸಿಗಂದೂರಿಗೆ ಸೇತುವೆ ಆಯ್ತಲ್ಲ, ಇನ್ನು ಲಾಂಚ್‌ನಲ್ಲಿ ಹೋಗೋಕೆ ಆಗಲ್ವಾ?" ಇದನ್ನು ತುಂಬಾ ಜನ ಕೇಳುತ್ತಿದ್ದಾರೆ. ಸಿಗಂದೂರು ಅಂದರೆ ಸಾಗರ ತಾಲ್ಲೂಕಿನಲ್ಲಿ ಹಿನ್ನೀರಿನ ಆಚೆ ದಡದ ಚೌಡೇಶ್ವರಿ ಕ್ಷೇತ್ರ. ಲಾಂಚ್ ಅಂದರೆ ಜನ, ವಾಹನ ಎರಡನ್ನೂ ನೀರು ದಾಟಿಸುವ ದೊಡ್ಡ ದೋಣಿ. ಅದರ ಹಿಂದೆಯೇ ಇನ್ನೂ ಒಂದಷ್ಟು ಪ್ರಶ್ನೆಗಳು ಬರುತ್ತವೆ. ಯಾವ ತಿಂಗಳು ಬರಬೇಕು, ಜೋಗವನ್ನೂ ಅದೇ ದಿನ ನೋಡಬಹುದಾ, ಮಕ್ಕಳನ್ನು ಕರೆದುಕೊಂಡು ಬರಬಹುದಾ, ಕಾರು ಲಾಂಚ್ ಮೇಲೆ ಹತ್ತುತ್ತದಾ ಅಂತ. ಎಲ್ಲಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಚುಟುಕು ಉತ್ತರ ಮೊದಲು ಹೇಳಿಬಿಡುತ್ತೇನೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಉದ್ದ 2.44 ಕಿಲೋಮೀಟರ್. ಹಾಗಾಗಿ ಸಿಗಂದೂರಿಗೆ ಹೋಗಲು ಈಗ ಲಾಂಚ್ ಬೇಡ. ಲಾಂಚ್ ಹುಡುಕಿಕೊಂಡು, ಹಿಂದೆ ಅದು ಹೊರಡುತ್ತಿದ್ದ ಹೊಳೆಬಾಗಿಲಿಗೂ ಹೋಗಬೇಡಿ. ನೀರಿನ ಮೇಲೆ ಹೋಗುವ ಆಸೆ ಇದ್ದರೆ ಮುಪ್ಪಾನೆ ಕಡವಿಗೆ ಬನ್ನಿ. ಕಾರ್ಗಲ್ ಕಡೆಯ ಮುಪ್ಪಾನೆಯಿಂದ ಆಚೆ ದಡದ ಹಲ್ಕೆರೆಗೆ ಲಾಂಚ್ ಇದೆ. ಅಲ್ಲಿಂದ ಬ್ಯಾಕೋಡು, ತುಮರಿ, ಸಿಗಂದೂರು ನೋಡಿಕೊಂಡು ಹೊಸ ಸೇತುವೆ ಮೇಲೆ ಸಾಗರಕ್ಕೆ ವಾಪಸ್ ಬರಬಹುದು. ಅಂದರೆ ಹೋಗುವಾಗ ಲಾಂಚ್, ಬರುವಾಗ ಸೇತುವೆ. ಒಂದು ದಿನಕ್ಕೆ ಸರಿಯಾದ ಸುತ್ತು ಇದು.

ಒಂದು ಮಾತು ಮೊದಲೇ ತಿಳಿದಿರಲಿ. ಇದು ಕೇರಳದ ಹೌಸ್‌ಬೋಟ್ ಅಲ್ಲ. ಊಟ, ಹಾಡು, ಮಂಚ ಯಾವುದೂ ಇಲ್ಲ. ಕಬ್ಬಿಣದ ಚಪ್ಪಟೆ ತಳದ ಮೇಲೆ ಮಧ್ಯದಲ್ಲಿ ವಾಹನ, ಪಕ್ಕದಲ್ಲಿ ಜನ. ದಾಟುವುದಕ್ಕೆ ಜಾಸ್ತಿ ಹೊತ್ತೂ ಹಿಡಿಯುವುದಿಲ್ಲ. ಆದರೆ ಸುತ್ತ ಕಾಡು, ನೀರಿನ ನಡುವೆ ನಡುಗಡ್ಡೆಗಳಾಗಿ ಉಳಿದ ಗುಡ್ಡದ ತಲೆಗಳು, ಇವನ್ನು ನೀರಿನ ಮಟ್ಟದಿಂದ ನೋಡುವುದಕ್ಕೂ ರಸ್ತೆಯಿಂದ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಮೊದಲು ಈ ಪದಗಳು ಗೊತ್ತಿರಲಿ

ಕಡವು: ದೋಣಿ ಅಥವಾ ಲಾಂಚ್ ಹೊಳೆ ದಾಟಿಸುವ ಜಾಗ. ದಾರಿ ಕೇಳುವಾಗ "ಮುಪ್ಪಾನೆ ಕಡವು" ಅಂದರೆ ಊರಿನವರಿಗೆ ತಕ್ಷಣ ಅರ್ಥವಾಗುತ್ತದೆ.

ಹಿನ್ನೀರು: ಅಣೆಕಟ್ಟಿನ ಹಿಂದೆ ನಿಂತು ಹರಡಿಕೊಂಡ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟ, ಕಾಡು ಎಲ್ಲ ಇದರ ಅಡಿಗೆ ಹೋದವು. ನಮ್ಮ ಕಡೆ ಅದನ್ನು ಮುಳುಗಡೆ ಅನ್ನುತ್ತಾರೆ.

ನೀರಿನ ಮಟ್ಟ: ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಬಹಳ ಜನ ಇದನ್ನು ನೀರಿನ ಆಳ ಅಂದುಕೊಳ್ಳುತ್ತಾರೆ. ಅಲ್ಲ. ಸಮುದ್ರ ಮಟ್ಟದಿಂದ ನೀರಿನ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ ಅದು. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಜೊತೆಗೆ ಟಿಎಂಸಿ ಅಂತಲೂ ಬರೆದಿರುತ್ತಾರೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಈ ಜಲಾಶಯ ತುಂಬಿದರೆ 151 ಟಿಎಂಸಿಗೂ ಮೇಲೆ ಹಿಡಿಯುತ್ತದೆ.

ಹಂತ 1: ತಿಂಗಳು ನೋಡಿಕೊಳ್ಳಿ

ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರು. ಗಾಳಿ ಎದ್ದರೆ ಲಾಂಚ್ ನಿಲ್ಲಿಸುತ್ತಾರೆ. ನಿಲ್ಲಿಸಲೇಬೇಕು, ಅಷ್ಟು ಅಗಲದ ನೀರಿನಲ್ಲಿ ಅಲೆ ಏಳುತ್ತದೆ. ಮಂಜು ಕವಿದಿದ್ದರೆ ಎದುರಿನ ದಡವೂ ಕಾಣುವುದಿಲ್ಲ. ಜೋಗ ಮಾತ್ರ ಈ ಹೊತ್ತಿಗೆ ಮೈದುಂಬಿರುತ್ತದೆ.

ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗಿನ ಕಾಲ ಹಿನ್ನೀರಿಗೆ ಒಳ್ಳೆಯದು. ಮಳೆ ಚೆನ್ನಾಗಿ ಆದ ವರ್ಷ ನೀರು ದಡದ ಹುಲ್ಲಿನವರೆಗೂ ಬಂದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಗುಡ್ಡದಲ್ಲಿ ಹಸಿರು ಇನ್ನೂ ಇರುತ್ತದೆ. ಜೋಗ, ಲಾಂಚ್ ಎರಡೂ ಒಂದೇ ದಿನ ಚೆನ್ನಾಗಿ ಸಿಗಬೇಕು ಅಂದರೆ ನಾನು ಹೇಳುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಆರಂಭ. ಆಮೇಲೆ ಜೋಗದ ನೀರು ಕಡಿಮೆಯಾಗುತ್ತಾ ಹೋಗುತ್ತದೆ. ಕಾರಣ ಸರಳ: ಜೋಗಕ್ಕೆ ಬರಬೇಕಾದ ನೀರನ್ನು ಮೇಲಿನ ಲಿಂಗನಮಕ್ಕಿಯಲ್ಲಿ ಹಿಡಿದು ವಿದ್ಯುತ್ತಿಗೆ ಬಿಡುತ್ತಾರೆ. ಡಿಸೆಂಬರ್‌ನಲ್ಲಿ ಬಂದು "ಜೋಗದಲ್ಲಿ ನೀರೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಏಪ್ರಿಲ್, ಮೇ ತಿಂಗಳಲ್ಲಿ ನೀರು ತುಂಬಾ ಇಳಿಯುತ್ತದೆ. ಲಾಂಚ್ ದಡಕ್ಕೆ ಬರಲು ಆಗದೆ ಸೇವೆ ನಿಲ್ಲಿಸಿದ್ದು ಎಷ್ಟೋ ಬಾರಿ ಆಗಿದೆ. ಆ ಕಾಲದಲ್ಲಿ ಬೇರೆಯದೇ ನೋಟ ಇರುತ್ತದೆ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು, ಅಂದರೆ ಮಡೆನೂರು ಡ್ಯಾಮ್, ಲಿಂಗನಮಕ್ಕಿ ಬಂದ ಮೇಲೆ ನೀರಿನಡಿ ಸೇರಿತು. ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ಆದರೆ ಅದನ್ನು ನೋಡಲು ಹೋಗುವುದು ಬೇರೆಯದೇ ಪ್ರವಾಸ, ಈ ಸುತ್ತಿನ ಜೊತೆ ಸೇರಿಸಬೇಡಿ.

ಹಂತ 2: ಹಿಂದಿನ ದಿನವೇ ವಿಚಾರಿಸಿ

ಲಾಂಚ್ ನಡೆಸುವುದು ಸರ್ಕಾರ. ಬಂದರು ಮತ್ತು ಒಳನಾಡು ಜಲಸಾರಿಗೆಯವರ ಕೆಲಸ ಅದು. ಸಾಗರ ಅಥವಾ ಕಾರ್ಗಲ್‌ನಲ್ಲಿ ಹಿಂದಿನ ಸಂಜೆ ಕೇಳಿದರೆ ಸಾಕು: ನಾಳೆ ಮುಪ್ಪಾನೆ ಲಾಂಚ್ ಇದೆಯಾ, ಮೊದಲ ಟ್ರಿಪ್ ಎಷ್ಟು ಹೊತ್ತಿಗೆ, ಕಾರು ಹತ್ತಿಸುತ್ತಾರಾ ಅಥವಾ ಜನರನ್ನು ಮಾತ್ರವಾ. ಈ ಮೂರನೇ ಪ್ರಶ್ನೆ ಮರೆಯಬೇಡಿ. ನೀರು ಕಡಿಮೆ ಇದ್ದಾಗ ವಾಹನ ಬಿಟ್ಟು ಜನರನ್ನು ಮಾತ್ರ ದಾಟಿಸುವ ಸಂದರ್ಭ ಇರುತ್ತದೆ. ಹೋಂಸ್ಟೇ ಅಥವಾ ಲಾಡ್ಜ್‌ನಲ್ಲಿ ಇಳಿದಿದ್ದರೆ ಅವರನ್ನೇ ಕೇಳಿ, ಆ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ ಹೇಳುತ್ತಾರೆ. ಮೊಬೈಲ್‌ನ ಮ್ಯಾಪ್ ನಂಬಿ ಸುಮ್ನೆ ಹೊರಡಬೇಡಿ. ಮ್ಯಾಪ್‌ಗೆ ಲಾಂಚ್ ನಿಂತಿರುವುದು ಗೊತ್ತಾಗುವುದಿಲ್ಲ.

ಟೆಂಪೋ ಟ್ರಾವೆಲರ್ ಅಥವಾ ಬಸ್ ಮಾಡಿಕೊಂಡು ದೊಡ್ಡ ಗುಂಪಾಗಿ ಬರುವವರು ವಾಹನ ಹತ್ತುತ್ತದಾ ಅಂತ ಖಾತ್ರಿ ಮಾಡಿಕೊಳ್ಳದೆ ಈ ದಾರಿ ಹಿಡಿಯಲೇಬೇಡಿ.

ಹಂತ 3: ಬ್ಯಾಗಿಗೆ ಏನು ಹಾಕಿಕೊಳ್ಳಬೇಕು

ಚಿಲ್ಲರೆ ಹಣ. ಕುಡಿಯುವ ನೀರು. ಟೋಪಿ, ಯಾಕೆಂದರೆ ನೀರಿನ ಮೇಲೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ. ಅಕ್ಟೋಬರ್‌ವರೆಗೂ ಕೊಡೆ ಅಥವಾ ರೈನ್‌ಕೋಟ್ ಇರಲಿ. ಜಾರದ ಚಪ್ಪಲಿ ಹಾಕಿಕೊಳ್ಳಿ. ಮಳೆಗಾಲದಲ್ಲಿ ಕಾಡಿನ ಅಂಚಿಗೆ ಇಳಿಯುವವರು ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಸ್ವಲ್ಪ ಉಪ್ಪೋ ಸುಣ್ಣವೋ ಇಟ್ಟುಕೊಳ್ಳಿ. ಕಚ್ಚಿದರೆ ಗಾಬರಿ ಏನೂ ಬೇಡ. ಕಿತ್ತು ಎಳೆಯುವ ಬದಲು ಉಪ್ಪು ಹಾಕಿ, ತಾನೇ ಬಿಡುತ್ತದೆ.

ಮೊಬೈಲ್ ನೆಟ್‌ವರ್ಕ್ ಬಗ್ಗೆ ಹೇಳಲೇಬೇಕು. ತುಮರಿ, ಬ್ಯಾಕೋಡು ಭಾಗದವರು ನೆಟ್‌ವರ್ಕ್‌ಗಾಗಿಯೇ ಹೋರಾಟ ಮಾಡಿದವರು. ಕಾಡಿನ ದಾರಿಯಲ್ಲಿ ಸಿಗ್ನಲ್ ಇರುತ್ತದೆ ಅಂತ ಲೆಕ್ಕ ಹಾಕಬೇಡಿ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಮನೆಯವರಿಗೆ "ಮಧ್ಯಾಹ್ನದವರೆಗೆ ಫೋನ್ ಸಿಗದಿರಬಹುದು" ಅಂತ ಹೇಳಿ ಹೊರಡಿ. ಪೆಟ್ರೋಲನ್ನು ಸಾಗರದಲ್ಲೇ ತುಂಬಿಸಿ.

ಹಂತ 4: ಬೆಳಿಗ್ಗೆ ಬೇಗ ಜೋಗ

ಬೆಂಗಳೂರು, ಮೈಸೂರಿನವರಿಗೆ ಮೈಸೂರು–ತಾಳಗುಪ್ಪ ರಾತ್ರಿ ರೈಲು ಅನುಕೂಲ. ಕೊನೆಯ ನಿಲ್ದಾಣ ತಾಳಗುಪ್ಪ, ಅಲ್ಲಿಂದ ಜೋಗ ಹತ್ತಿರ. ಸಾಗರದಲ್ಲಿ ಇಳಿಯುವುದಾದರೆ ಟಿಕೆಟ್ ಮಾಡಿಸುವಾಗ ನಿಲ್ದಾಣದ ಹೆಸರು "ಸಾಗರ ಜಂಬಗಾರು" ಅಂತ ಇರುತ್ತದೆ. ಬರೀ ಸಾಗರ ಅಂತ ಹುಡುಕಿ ಮಧ್ಯಪ್ರದೇಶದ ಸಾಗರ್‌ಗೆ ಟಿಕೆಟ್ ನೋಡುತ್ತಾ ಕೂರಬೇಡಿ.

ಸ್ವಂತ ವಾಹನ ಇಲ್ಲದವರು ಇಡೀ ದಿನಕ್ಕೆ ಕಾರು ಬಾಡಿಗೆಗೆ ಮಾತಾಡಿಕೊಳ್ಳಿ. ಹಲ್ಕೆರೆ ಕಡೆ ಬಸ್ ಕಾದು ಈ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವುದು ಕಷ್ಟ. ಮಾತಾಡುವಾಗಲೇ ಪೂರ್ತಿ ದಾರಿ ಬಿಡಿಸಿ ಹೇಳಿ: ಜೋಗ, ಕಾರ್ಗಲ್, ಮುಪ್ಪಾನೆ ಲಾಂಚ್, ಸಿಗಂದೂರು, ಸೇತುವೆ, ಸಾಗರ. ಲಾಂಚ್ ಚಾರ್ಜ್ ಯಾರು ಕೊಡಬೇಕು ಅನ್ನುವುದೂ ಆಗಲೇ ಇತ್ಯರ್ಥ ಆಗಲಿ.

ಜೋಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಕವಲು, 253 ಮೀಟರ್ ಎತ್ತರ. ಮಂಜು ಮುಚ್ಚಿದ್ದರೆ ಒಂದು ಕಾಫಿ ಕುಡಿಯುತ್ತಾ ಕಾಯಿರಿ. ಗಾಳಿ ಬೀಸಿದಾಗ ಪರದೆ ಸರಿದಂತೆ ಬಿಡುತ್ತದೆ, ಮತ್ತೆ ಮುಚ್ಚುತ್ತದೆ. ಆದರೆ ಇಲ್ಲೇ ಮಧ್ಯಾಹ್ನ ಮಾಡಿಕೊಳ್ಳಬೇಡಿ.

ಹಂತ 5: ಲಾಂಚನ್ನು ಮಧ್ಯಾಹ್ನದ ಒಳಗೆ ಮುಗಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬಹಳ ಜನ ಸೇತುವೆ ಮೇಲೆ ಹೋಗಿ, ಸಿಗಂದೂರು ಮುಗಿಸಿ, ಸಂಜೆ ಲಾಂಚ್‌ನಲ್ಲಿ ವಾಪಸ್ ಬರುವ ಪ್ಲಾನ್ ಮಾಡುತ್ತಾರೆ. ಅದು ಬೇಡ. ಸಂಜೆ ಹಲ್ಕೆರೆಗೆ ಬಂದಾಗ ಗಾಳಿಗೋ, ಎಂಜಿನ್ ತೊಂದರೆಗೋ ಲಾಂಚ್ ನಿಂತಿದ್ದರೆ, ಅಥವಾ ಕೊನೆಯ ಟ್ರಿಪ್ ಹೋಗಿಬಿಟ್ಟಿದ್ದರೆ, ಕತ್ತಲಲ್ಲಿ ಕಾಡಿನ ರಸ್ತೆಯಲ್ಲಿ ಪೂರ್ತಿ ಹಿಂದಕ್ಕೆ ಹೋಗಿ ಸೇತುವೆ ಹಿಡಿದು ಸಾಗರ ಸುತ್ತಬೇಕು. ಬೆಳಿಗ್ಗೆಯೇ ಮುಪ್ಪಾನೆಗೆ ಬಂದಿದ್ದರೆ ಲಾಂಚ್ ಇಲ್ಲದಿದ್ದರೂ ದಿನ ಹಾಳಾಗುವುದಿಲ್ಲ. ಕೈಯಲ್ಲಿ ಇನ್ನೂ ಹೊತ್ತಿರುತ್ತದೆ.

ಜೋಗದಿಂದ ಕಾರ್ಗಲ್‌ಗೆ ಬಂದು ಭಟ್ಕಳದ ಕಡೆಯ ರಸ್ತೆ ಹಿಡಿಯಿರಿ, ಅಲ್ಲಿಂದ ಮುಪ್ಪಾನೆಗೆ ತಿರುವು. ಇದು ಶರಾವತಿ ಕಣಿವೆಯ ಅಭಯಾರಣ್ಯ. ಸಿಂಗಳೀಕಗಳ ಕಾಡು. ಸಿಂಗಳೀಕ ಅಂದರೆ ಮುಖದ ಸುತ್ತ ಬಿಳಿ ಕೇಸರ, ಬಾಲದ ತುದಿಗೆ ಗೊಂಡೆ ಇರುವ ಕಪ್ಪು ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಿಧಾನ ಓಡಿಸಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ, ರಸ್ತೆಗಿಳಿಯುವುದು ರೂಢಿಯಾದರೆ ಅವು ವಾಹನಕ್ಕೆ ಸಿಕ್ಕಿ ಸಾಯುತ್ತವೆ. ಮರದ ಮೇಲೆ ದೊಡ್ಡ ರೆಕ್ಕೆಯ ಸದ್ದು ಕೇಳಿದರೆ ಮಂಗಟ್ಟೆ ಹಕ್ಕಿ ಇರಬಹುದು, ಗಾಡಿ ನಿಲ್ಲಿಸಿ ನೋಡಿ.

ಕಡವಿಗೆ ಬಂದ ಮೇಲೆ:

1. ವಾಹನವನ್ನು ಸಾಲಿನಲ್ಲಿ ನಿಲ್ಲಿಸಿ ಕೆಳಗಿಳಿಯಿರಿ. ಮುಂದೆ ನುಗ್ಗಬೇಡಿ. ಆಸ್ಪತ್ರೆಗೆ ಹೋಗುವವರು, ಶಾಲೆ ಮಕ್ಕಳು, ಹಾಲು ಸಾಮಾನು ತರುವವರು ಇದ್ದರೆ ಅವರನ್ನು ಮೊದಲು ಬಿಡಿ. ಇದು ನಮಗೆ ಪ್ರವಾಸ, ಅವರಿಗೆ ದಿನದ ಬಸ್ಸು. ಮುಳುಗಡೆಯಾದ ಮೇಲೆ ಕರೂರು, ಬಾರಂಗಿ ಹೋಬಳಿಯ ಜನ ತಾಲ್ಲೂಕು ಕೇಂದ್ರಕ್ಕೆ ಬರಬೇಕಾದರೆ ಹೀಗೆ ನೀರು ದಾಟುತ್ತಲೇ ಬದುಕಿದ್ದಾರೆ. ನಾಡಿಗೆ ಬೆಳಕು ಕೊಟ್ಟ ಅಣೆಕಟ್ಟಿನ ಭಾರ ಹೊತ್ತವರು ಇವರು. ಆ ಮರ್ಯಾದೆ ನಮ್ಮ ನಡವಳಿಕೆಯಲ್ಲಿ ಕಾಣಬೇಕು, ಅಲ್ವಾ?

2. ಕಾರು ಹತ್ತಿಸುವಾಗ ಡ್ರೈವರ್ ಒಬ್ಬರೇ ಒಳಗಿರಲಿ. ಉಳಿದವರು ನಡೆದು ಹತ್ತಿ. ಲಾಂಚ್ ಸಿಬ್ಬಂದಿ ಕೈ ತೋರಿಸಿದ ಹಾಗೆ ಮಾತ್ರ ಮುಂದೆ ಹೋಗಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ನೀವೂ ಹೊರಗೆ ಬನ್ನಿ. ದಾಟುವಷ್ಟು ಹೊತ್ತೂ ಕಾರಿನೊಳಗೆ ಯಾರೂ ಕೂರಬಾರದು, ಗಾಜು ಮುಚ್ಚಿ ಎಸಿ ಹಾಕಿ ಕೂರುವುದಂತೂ ಬೇಡವೇ ಬೇಡ.

3. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಮಕ್ಕಳಿಗೆ ಮೊದಲು. ಮಕ್ಕಳ ಅಳತೆಯದು ಸಿಗದೇ ಇರಬಹುದು ಅನ್ನಿಸಿದರೆ ಮನೆಯಿಂದಲೇ ತನ್ನಿ. ಮಗುವಿನ ಕೈ ಬಿಡಬೇಡಿ. ಕಂಬಿಯ ಮೇಲೆ ಕೂರಿಸಿ ಫೋಟೋ ತೆಗೆಯುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ.

4. ಎಲ್ಲರೂ ಒಂದೇ ಬದಿಗೆ ಓಡಬೇಡಿ. ಒಂದು ಹಕ್ಕಿ ಕಂಡಿತು ಅಂತ ಇಡೀ ಗುಂಪು ಒಂದು ಕಡೆ ವಾಲಿದರೆ ಭಾರವೂ ಒಂದೇ ಕಡೆ ಬೀಳುತ್ತದೆ.

ಈಗ ನೋಡುವುದಕ್ಕೆ. ಎಂಜಿನ್ ಸದ್ದಿನಿಂದ ದೂರ, ಮುಂಭಾಗದ ಹತ್ತಿರ ನಿಲ್ಲಿ. ಮೊದಲ ಹತ್ತು ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ. ನೀರಿನಿಂದ ಮೇಲೆ ಎದ್ದ ಕಪ್ಪು ಬೊಡ್ಡೆಗಳು ಕಾಣುತ್ತವೆ. ಮುಳುಗಡೆಗೆ ಮುಂಚೆ ಅಲ್ಲಿ ನಿಂತಿದ್ದ ಮರಗಳ ಉಳಿಕೆ ಅವು. ಅರವತ್ತು ವರ್ಷ ದಾಟಿದರೂ ಪೂರ್ತಿ ಕರಗಿಲ್ಲ. ಅವುಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತಾ ನೀರುಕಾಗೆ ಕೂತಿರುತ್ತದೆ. ಕತ್ತು ಮಾತ್ರ ಹೊರಗಿಟ್ಟು ಈಜುವುದು ಹಾವಕ್ಕಿ. ಆಕಾಶದಲ್ಲಿ ಕಂದು ಮೈ, ಬಿಳಿ ತಲೆಯ ಗರುಡ. ಸುತ್ತಲಿನ ಗುಡ್ಡಗಳ ಬುಡದಲ್ಲಿ ಹುಲ್ಲಿಲ್ಲದ ಕೆಮ್ಮಣ್ಣಿನ ಪಟ್ಟಿ ಗಮನಿಸಿ. ನೀರು ಪೂರ್ತಿ ತುಂಬಿದಾಗ ಎಲ್ಲಿಯವರೆಗೆ ಬರುತ್ತದೆ ಅನ್ನುವುದಕ್ಕೆ ಅದೇ ಗುರುತು. ಆ ಪಟ್ಟಿ ಅಗಲ ಆದಷ್ಟೂ ನೀರು ಇಳಿದಿದೆ ಅಂತ ಅರ್ಥ. ಜೊತೆಗಿರುವ ಊರಿನವರನ್ನು ಮಾತಾಡಿಸಿ. "ನಮ್ಮಜ್ಜನ ಮನೆ ಆ ಕಡೆ ನೀರಿನಡಿ ಇದೆ" ಅಂತ ಕೈ ತೋರಿಸಿ ಹೇಳುವವರು ಈಗಲೂ ಸಿಗುತ್ತಾರೆ. ಅವರಿಂದ ಕೇಳಿದ ಮೇಲೆ ಈ ನೀರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಎಚ್ಚರಿಕೆ: ನೀರಿಗೆ ಇಳಿಯಬೇಡಿ

ಇದನ್ನು ಬೇರೆಯಾಗಿಯೇ ಬರೆಯಬೇಕು. ಹಿನ್ನೀರು ಕೆರೆಯ ಹಾಗೆ ಸಮಾಧಾನವಾಗಿ ಕಾಣುತ್ತದೆ. ಆದರೆ ಅಡಿಯಲ್ಲಿರುವುದು ಕಣಿವೆ. ಎರಡು ಹೆಜ್ಜೆ ಮೊಣಕಾಲುದ್ದ ಇದ್ದದ್ದು ಮೂರನೇ ಹೆಜ್ಜೆಗೆ ಹಳೆಯ ಹೊಳೆಯ ಇಳಿಜಾರಾಗಬಹುದು. ನೀರಿನೊಳಗಿನ ಬೊಡ್ಡೆ, ಬೇರು ಕಾಲಿಗೆ ಸಿಗುತ್ತವೆ. ಬೇಸಿಗೆಯಲ್ಲಿ ದಡದ ಮಣ್ಣು ಮೇಲೆ ಒಣಗಿ ಬಿರಿದಿದ್ದರೂ ಕೆಳಗೆ ಕೆಸರು ಇರುತ್ತದೆ, ಕಾಲಿಟ್ಟರೆ ಹೂತುಹೋಗುತ್ತದೆ. ಚೆನ್ನಾಗಿ ಈಜು ಬರುವವರೇ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ದಡದಲ್ಲಿ ಯಾರದೋ ತೆಪ್ಪ ಕಟ್ಟಿದ್ದರೆ ಅದನ್ನು ಬಿಚ್ಚಿ ಒಂದು ರೌಂಡ್ ಹೋಗಿ ಬರೋಣ ಅನ್ನುವ ಹುಡುಗರಿಗೆ ಕೈ ಮುಗಿದು ಕೇಳುತ್ತೇನೆ, ಬೇಡ. ತೆಪ್ಪ ಹುಟ್ಟು ಹಾಕುವುದು ಕಲಿತವರ ಕೆಲಸ. ತೆಪ್ಪ, ಕಯಾಕ್ ಓಡಿಸುವ ಆಸೆ ನಿಜವಾಗಿಯೂ ಇದ್ದರೆ ತಾಳಗುಪ್ಪ ಹತ್ತಿರದ ಹೊನ್ನೇಮರಡುವಿನಲ್ಲಿ ಜಲಸಾಹಸ ಕಲಿಸುವ ಶಿಬಿರ ಇದೆ. ಮೊದಲೇ ಮಾತಾಡಿಕೊಂಡು, ಅವರ ಶಿಸ್ತು ಪಾಲಿಸುವ ಮನಸ್ಸಿದ್ದರೆ ಹೋಗಿ.

ಹಂತ 6: ಹಲ್ಕೆರೆಯಿಂದ ಸಿಗಂದೂರು

ಆಚೆ ದಡದ ರಸ್ತೆ ಕಿರಿದು, ತಿರುವು ಜಾಸ್ತಿ. ತಿರುವಿನಲ್ಲಿ ಹಾರನ್ ಹೊಡೆದು ಹೋಗಿ, ಎದುರಿನವರಿಗೆ ದಾರಿ ಬಿಡಿ. ಬ್ಯಾಕೋಡು, ತುಮರಿ ದಾಟಿ ಸಿಗಂದೂರು. ಚೌಡೇಶ್ವರಿ ಅಮ್ಮನ ದರ್ಶನ ಮಾಡಿಕೊಂಡು ಮಧ್ಯಾಹ್ನದ ಪ್ರಸಾದದ ಊಟ ಅಲ್ಲೇ ಮುಗಿಸಬಹುದು. ಮಂಗಳವಾರ, ಶುಕ್ರವಾರ, ಹಬ್ಬ, ರಜಾ ದಿನಗಳಲ್ಲಿ ಜನ ಜಾಸ್ತಿ. ನೆಮ್ಮದಿಯಾಗಿ ನೋಡಬೇಕೆಂದರೆ ವಾರದ ನಡುವಿನ ಬೇರೆ ದಿನ ಬನ್ನಿ.

ಹಂತ 7: ಸಂಜೆ ಸೇತುವೆ

ಸಿಗಂದೂರಿನಿಂದ ಕಳಸವಳ್ಳಿಗೆ ಬಂದು ಸೇತುವೆ ಹತ್ತಿ. ನಡುಭಾಗವನ್ನು ದೊಡ್ಡ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳು ಹಿಡಿದಿವೆ. ನೋಡಲು ಚೆಂದ. ಹಾಗಂತ ಮಧ್ಯದಲ್ಲಿ ಗಾಡಿ ನಿಲ್ಲಿಸಿ ಸೆಲ್ಫಿಗೆ ಇಳಿಯಬೇಡಿ. ಇದು ಹೆದ್ದಾರಿ, ಹಿಂದಿನಿಂದ ವೇಗವಾಗಿ ವಾಹನ ಬರುತ್ತವೆ. ನೇರ ಅಂಬಾರಗೋಡ್ಲು ದಡಕ್ಕೆ ಬಂದು, ರಸ್ತೆಯಿಂದ ದೂರ ಗಾಡಿ ನಿಲ್ಲಿಸಿ ಹಿಂತಿರುಗಿ ನೋಡಿ. ಅದು ಪಶ್ಚಿಮದ ದಿಕ್ಕು. ಸೂರ್ಯ ಮುಳುಗುವುದು ನೀರು, ಗುಡ್ಡದ ಕಡೆಗೆ. ಸಂಜೆ ಐದೂವರೆಯೊಳಗೆ ಅಲ್ಲಿರುವ ಹಾಗೆ ಲೆಕ್ಕ ಹಾಕಿ.

ಅಲ್ಲಿಂದ ಆವಿನಹಳ್ಳಿ ಮೇಲೆ ಸಾಗರ, ಸುಮಾರು 30 ಕಿಲೋಮೀಟರ್. ಪೇಟೆಯಲ್ಲಿ ಅಪ್ಪೆಮಿಡಿ (ಮಾವಿನ ಮಿಡಿ) ಉಪ್ಪಿನಕಾಯಿ, ತೊಡದೇವು ಅನ್ನುವ ಸಿಹಿತಿಂಡಿ ಸಿಗುತ್ತವೆ. ತೊಡದೇವು ಕೈಯಲ್ಲಿ ಮುಟ್ಟಿದರೆ ಮುರಿಯುವಷ್ಟು ತೆಳು, ಬ್ಯಾಗಿನ ತಳಕ್ಕೆ ಹಾಕಬೇಡಿ.

ಲಾಂಚ್ ಇಲ್ಲ ಅಂದರೆ?

ಬೆಳಿಗ್ಗೆಯೇ ಗೊತ್ತಾದರೆ ಎರಡು ದಾರಿ. ಮೊದಲನೆಯದು, ಜೋಗದಿಂದ ಸಾಗರಕ್ಕೆ ವಾಪಸ್ ಬಂದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ ನೋಡಿ, ಮಧ್ಯಾಹ್ನದ ಮೇಲೆ ಸೇತುವೆ ಮೂಲಕ ಸಿಗಂದೂರು. ಇಕ್ಕೇರಿ, ಕೆಳದಿ ಎರಡೂ ಸಾಗರದಿಂದ ಹತ್ತು ಕಿಲೋಮೀಟರ್ ಒಳಗೇ ಇವೆ.

ಎರಡನೆಯದು, ನೀರಿನ ಮೇಲೆ ಹೋಗಲೇಬೇಕು ಅನ್ನುವವರಿಗೆ. ಜೋಗದಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗಿ. ಸುಮಾರು 60 ಕಿಲೋಮೀಟರ್. ಇದೇ ಶರಾವತಿ ಅಲ್ಲಿ ಕಡಲು ಸೇರುತ್ತದೆ. ಖಾಸಗಿ ದೋಣಿಗಳು ಕಾಂಡ್ಲಾ ಕಾಡಿನ ಕಡೆ ಕರೆದುಕೊಂಡು ಹೋಗುತ್ತವೆ. ಕಾಂಡ್ಲಾ ಅಂದರೆ ಉಪ್ಪು ನೀರಿನಲ್ಲಿ ಬೇರು ಬಿಟ್ಟು ಬೆಳೆಯುವ ಮರ. ಇಲ್ಲಿ ಉಬ್ಬರ, ಇಳಿತ ಕೇಳಿಕೊಳ್ಳಿ. ಕಡಲಿನ ನೀರು ಏರುವುದು ಉಬ್ಬರ, ಇಳಿಯುವುದು ಇಳಿತ. ಇಳಿತದ ಹೊತ್ತಿಗೆ ಕಾಂಡ್ಲಾ ನಡುವಿನ ಕಿರುಗಾಲುವೆಗಳಲ್ಲಿ ದೋಣಿಗೆ ನೀರು ಸಾಲದು. ಎಷ್ಟು ಹೊತ್ತು, ಎಲ್ಲೆಲ್ಲಿ, ತಲೆಗೆ ಎಷ್ಟು ಅಂತ ಹತ್ತುವ ಮುಂಚೆಯೇ ಮಾತಾಗಲಿ, ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ.

ಹೊನ್ನಾವರಕ್ಕೆ ಇಳಿದವರು ಅದೇ ರಾತ್ರಿ ತಾಳಗುಪ್ಪ ರೈಲು ಹಿಡಿಯುವ ಪ್ಲಾನ್ ಇಟ್ಟುಕೊಳ್ಳಬೇಡಿ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೂ ರೈಲು ತಪ್ಪುತ್ತದೆ. ರಾತ್ರಿ ಅಲ್ಲೇ ಉಳಿದು ಮರುದಿನ ಕೊಂಕಣ ರೈಲು ಅಥವಾ ಬಸ್ಸಿನಲ್ಲಿ ಹೊರಡಿ. ಮುಪ್ಪಾನೆ ಸುತ್ತು ಮುಗಿಸಿದವರು ರೈಲಿನ ಹೊತ್ತಿಗೆ ಒಂದು ಗಂಟೆ ಮುಂಚೆಯೇ ಸಾಗರದಲ್ಲಿರಿ. ದಾರಿಯಲ್ಲಿ ಏನಾದರೂ ತುರ್ತು ಬಂದರೆ 112ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದ ಕಡೆ ಹತ್ತಿರದ ಮನೆಯ ಬಾಗಿಲು ತಟ್ಟಿ, ಆ ಕಡೆಯ ಜನ ಕೈ ಬಿಡುವುದಿಲ್ಲ.